ಛಾಗ್ಲಾ ಪೀಠದ ಪಾಠ

ವಿಚಾರಣಾ ಆಯೋಗವೆಂದರೆ ಹಗರಣವೊಂದನ್ನು ಸದ್ದಿಲ್ಲದೆ ಮರೆಯಿಸುವ ಉಪಾಯ ಎಂಬ ಭಾವನೆ ನಮ್ಮ ಜನರ ಮನಸ್ಸಿನಲ್ಲಿ ಬೇರೂರಿದೆ. ಅದು ನಿರಾಧಾರವಾದುದೇನೂ ಅಲ್ಲ. ಆರೋಪ ಕೇಳಿಬಂದೊಡನೆ ನ್ಯಾಯಮೂರ್ತಿಯೊಬ್ಬರ ಹೆಸರು ಪ್ರಕಟವಾಗುತ್ತದೆ. ಕಚೇರಿ, ಸಿಬ್ಬಂದಿ, ವಾಹನ ಎಲ್ಲವೂ ಒದಗುತ್ತವೆ. ಆಮೇಲೆ ಅವಧಿಯ ವಿಸ್ತರಣೆಗಳು ಒಂದರ ಬೆನ್ನಿಗೊಂದು ಬರುತ್ತವೆ. ವರದಿ ಕೈಸೇರುವ ವೇಳೆಗೆ ಆರೋಪ ಹೊತ್ತವರಲ್ಲಿ ಕೆಲವರು ಅಧಿಕಾರದಿಂದ ಇಳಿದಿರುತ್ತಾರೆ, ಕೆಲವರು ಇಹಲೋಕವನ್ನೇ ತ್ಯಜಿಸಿರುತ್ತಾರೆ. 1992ರ ಡಿಸೆಂಬರ್‌ನಲ್ಲಿ ನೇಮಕಗೊಂಡ ಲಿಬರ್ಹಾನ್ ಆಯೋಗವು 48 ವಿಸ್ತರಣೆಗಳನ್ನು ಪಡೆದು 2009ರ ಜೂನ್‌ನಲ್ಲಿ ವರದಿ ಒಪ್ಪಿಸಿತು. ಒಂದು ತಲೆಮಾರು ಹುಟ್ಟಿ ಬೆಳೆಯುವಷ್ಟು ಕಾಲ ಅದು.

ಇದೇ ದೇಶದಲ್ಲಿ, ಇದೇ ವಿಚಾರಣಾ ಆಯೋಗಗಳ ಕಾಯ್ದೆಯ ಅಡಿಯಲ್ಲಿ, ಒಬ್ಬ ನ್ಯಾಯಮೂರ್ತಿ 24 ದಿನಗಳಲ್ಲಿ ಕೆಲಸ ಮುಗಿಸಿದ್ದರು ಎಂದರೆ ಇಂದಿನವರಿಗೆ ಅಚ್ಚರಿಯಾಗಬಹುದು. ವಿಚಾರಣೆಗೆ ಒಳಗಾದದ್ದು ಕೇಂದ್ರ ಸರ್ಕಾರದ ಹಣಕಾಸು ಸಚಿವಾಲಯ. ಅದರ ಫಲವಾಗಿ ಅಧಿಕಾರ ಬಿಟ್ಟವರು, ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಬಹು ಬೇಕಾದವರಾಗಿದ್ದ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ. ಪೀಠದಲ್ಲಿ ಕುಳಿತಿದ್ದವರು ಮುಂಬೈ ಹೈಕೋರ್ಟಿನ ಹಾಲಿ ಮುಖ್ಯ ನ್ಯಾಯಮೂರ್ತಿ ಮೊಹಮದಲಿ ಕರೀಮ್ ಛಾಗ್ಲಾ.

ಛಾಗ್ಲಾ ಅವರ ಹೆಸರು ಉತ್ತರ ಕರ್ನಾಟಕದ ಹಳೆಯ ವಕೀಲರಿಗೆ ಅಪರಿಚಿತವಾಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯಕ್ಕೆ ಸೇರಿದ್ದವು. ಅಲ್ಲಿನ ಮೇಲ್ಮನವಿಗಳು ಮುಂಬೈ ಹೈಕೋರ್ಟಿಗೇ ಹೋಗುತ್ತಿದ್ದವು. ಸ್ವಾತಂತ್ರ್ಯದ ಮೊದಲ ಒಂಬತ್ತು ವರ್ಷ ಆ ಭಾಗದ ಕನ್ನಡಿಗರಿಗೂ ಛಾಗ್ಲಾ ಅವರೇ ಮುಖ್ಯ ನ್ಯಾಯಮೂರ್ತಿ. ಆ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ವಿಲೀನಗೊಂಡ ದಿನ ಮುಂಬೈ ರಾಜ್ಯದ ಹಂಗಾಮಿ ರಾಜ್ಯಪಾಲರಾಗಿದ್ದವರೂ ಅವರೇ.

ಕೇಸಿಲ್ಲದ ವಕೀಲನಿಂದ ಮುಖ್ಯ ನ್ಯಾಯಮೂರ್ತಿಯವರೆಗೆ

ಛಾಗ್ಲಾ ಜನಿಸಿದ್ದು 1900ರ ಸೆಪ್ಟೆಂಬರ್ 30ರಂದು, ಮುಂಬೈಯ ಖೋಜಾ ಮುಸ್ಲಿಂ ವರ್ತಕ ಕುಟುಂಬವೊಂದರಲ್ಲಿ. ಮನೆತನಕ್ಕಿದ್ದ ಅಡ್ಡಹೆಸರು ಮರ್ಚೆಂಟ್. ವ್ಯಾಪಾರವನ್ನು ನೆನಪಿಸುವ ಆ ಹೆಸರು ರುಚಿಸದೆ, ಮನೆಯಲ್ಲಿ ಬಳಕೆಯಲ್ಲಿದ್ದ ಛಾಗ್ಲಾ ಎಂಬ ಮುದ್ದಿನ ಹೆಸರನ್ನು ಅವರು ತಮ್ಮದಾಗಿಸಿಕೊಂಡರು. ಸೇಂಟ್ ಜೇವಿಯರ್ ಶಾಲೆ ಮತ್ತು ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನ ಲಿಂಕನ್ ಕಾಲೇಜಿನಲ್ಲಿ ಇತಿಹಾಸ ಅಭ್ಯಾಸ ಮಾಡಿ, ಬ್ಯಾರಿಸ್ಟರ್ ಆಗಿ 1922ರಲ್ಲಿ ಊರಿಗೆ ಮರಳಿದರು.

ಮುಂಬೈಯಲ್ಲಿ ಅವರು ಸೇರಿಕೊಂಡದ್ದು ಮಹಮ್ಮದ್ ಅಲಿ ಜಿನ್ನಾ ಅವರ ಕಚೇರಿಯನ್ನು. ಆ ಕಾಲದ ಜಿನ್ನಾ ರಾಷ್ಟ್ರೀಯವಾದಿ ನಾಯಕ. ತರುಣ ಛಾಗ್ಲಾ ಅವರಿಗೆ ಆರಾಧ್ಯಮೂರ್ತಿ. ಗುರುವಿನ ಪ್ರಭಾವ ಎಷ್ಟೇ ಇದ್ದರೂ ವಕೀಲಿಯ ಮೊದಲ ವರ್ಷಗಳಲ್ಲಿ ಕಕ್ಷಿದಾರರು ಬಾಗಿಲಿಗೆ ಬರಲಿಲ್ಲ. ಸರ್ಕಾರಿ ಕಾನೂನು ಕಾಲೇಜಿನಲ್ಲಿ ಸಂವಿಧಾನಶಾಸ್ತ್ರದ ಪಾಠ ಹೇಳುವ ಕೆಲಸ ಅವರಿಗೆ ಆಸರೆಯಾಯಿತು. 1928ರಲ್ಲಿ ಮೋತಿಲಾಲ್ ನೆಹರೂ ಸಮಿತಿಯ ವರದಿ ಹೊರಬಂದಾಗ ಜಿನ್ನಾ ವಿದೇಶದಲ್ಲಿದ್ದರು. ಮುಸ್ಲಿಂ ಲೀಗ್‌ನ ಪರವಾಗಿ ಛಾಗ್ಲಾ ಅದನ್ನು ಬೆಂಬಲಿಸಿದರು. ಮರಳಿ ಬಂದ ಜಿನ್ನಾ ಕೆರಳಿದರು. ಅಲ್ಲಿಂದ ಗುರುಶಿಷ್ಯರ ರಾಜಕೀಯ ಹಾದಿಗಳು ಬೇರೆಯಾದವು. ತನಗೆ ಸರಿಕಂಡದ್ದನ್ನು ಹೇಳಿ ದೊಡ್ಡವರ ಕೋಪವನ್ನು ಎದುರಿಸುವ ಅಭ್ಯಾಸ ಛಾಗ್ಲಾ ಅವರಿಗೆ ಪೀಠವೇರುವ ಮೊದಲೇ ಕೂಡಿಬಂದಿತ್ತು.

1941ರಲ್ಲಿ ಅವರು ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿಯಾದರು. 1947ರ ಆಗಸ್ಟ್ 15ರಂದು ಮುಖ್ಯ ನ್ಯಾಯಮೂರ್ತಿಯಾದರು. ವಾದ ಮುಗಿದೊಡನೆ ತೆರೆದ ನ್ಯಾಯಾಲಯದಲ್ಲಿಯೇ ತೀರ್ಪನ್ನು ಹೇಳಿ ಬರೆಯಿಸುವುದು ಅವರ ಪದ್ಧತಿ. ತೀರ್ಪನ್ನು ಕಾಯ್ದಿರಿಸಿ ತಿಂಗಳುಗಟ್ಟಲೆ ಕಕ್ಷಿದಾರರನ್ನು ಕಾಯಿಸುವುದು ಅವರಿಗೆ ಒಗ್ಗದ ಮಾತು. ಸರ್ಕಾರದ ಮುಖ ನೋಡಿ ತೀರ್ಪು ನೀಡುವ ಸ್ವಭಾವವೂ ಅವರದಾಗಿರಲಿಲ್ಲ. ಮುಂಬೈ ಸರ್ಕಾರವು ಪ್ರತಿಷ್ಠೆಯ ಪ್ರಶ್ನೆಯಾಗಿ ಕಂಡಿದ್ದ ಪಾನನಿರೋಧ ಕಾಯ್ದೆಯ ಹಲವು ಕಲಮುಗಳನ್ನು 1950ರಲ್ಲಿ ಹೈಕೋರ್ಟ್ ಅಸಿಂಧುವೆಂದು ಸಾರಿತು. ಯಾವ ನ್ಯಾಯಾಲಯದ ಕೊಠಡಿಯಲ್ಲಿ 1908ರಲ್ಲಿ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಗಿತ್ತೋ ಅದೇ ಸ್ಥಳದಲ್ಲಿ, 1956ರಲ್ಲಿ, ತಿಲಕರ ಸ್ಮರಣ ಫಲಕವನ್ನು ಅನಾವರಣ ಮಾಡಿದವರು ಛಾಗ್ಲಾ. ಪೀಠವೂ ತಪ್ಪು ಮಾಡಬಲ್ಲದು, ಮಾಡಿದ್ದನ್ನು ಒಪ್ಪಿಕೊಳ್ಳಬೇಕು ಎಂಬ ಅರಿವು ಆ ಕಾರ್ಯದ ಹಿಂದಿತ್ತು.

ಪಾಲಿಸಿದಾರರ ಹಣ, ಒಬ್ಬನ ಷೇರು

ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾದದ್ದು 1956ರ ಸೆಪ್ಟೆಂಬರ್ 1ರಂದು. 245 ಖಾಸಗಿ ವಿಮಾ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಅದನ್ನು ಕಟ್ಟಲಾಗಿತ್ತು. ಖಾಸಗಿ ವಿಮಾ ಕಂಪನಿಗಳು ಜನರ ಉಳಿತಾಯವನ್ನು ಮಾಲೀಕರ ಸ್ವಂತ ವ್ಯವಹಾರಗಳಿಗೆ ತಿರುಗಿಸುತ್ತವೆ ಎಂಬುದೇ ರಾಷ್ಟ್ರೀಕರಣಕ್ಕೆ ಕೊಟ್ಟ ಮುಖ್ಯ ಕಾರಣ. ಒಂದು ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ನಿಗಮವು ಹರಿದಾಸ್ ಮುಂಧ್ರಾ ಎಂಬ ಕೋಲ್ಕತ್ತದ ಉದ್ಯಮಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು 1.25 ಕೋಟಿ ರೂಪಾಯಿಗಳಿಗೆ ಖರೀದಿಸಿತು. ಇಂದಿನ ಹಗರಣಗಳ ಮೊತ್ತದ ಮುಂದೆ ಇದು ಅಲ್ಪವೆನಿಸಬಹುದು. ಆ ಕಾಲಕ್ಕೆ ಅದು ಅಪಾರ ಹಣ. ಮುಂಧ್ರಾ ಅವರ ವ್ಯವಹಾರಗಳು ಆಗಲೇ ಸಂಶಯಕ್ಕೆ ಗುರಿಯಾಗಿದ್ದವು. ಹೂಡಿಕೆಗಳ ಬಗ್ಗೆ ಸಲಹೆ ನೀಡಲೆಂದೇ ಇದ್ದ ನಿಗಮದ ಹೂಡಿಕೆ ಸಮಿತಿಯನ್ನು ಈ ಖರೀದಿಗೆ ಮುನ್ನ ಕೇಳಲೇ ಇಲ್ಲ.

ಇದನ್ನು ಸಂಸತ್ತಿನಲ್ಲಿ ಬಯಲಿಗೆಳೆದವರು ವಿರೋಧ ಪಕ್ಷದವರಲ್ಲ. ರಾಯ್‌ಬರೇಲಿಯ ಕಾಂಗ್ರೆಸ್ ಸದಸ್ಯ, ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ, 1957ರ ಡಿಸೆಂಬರ್ 16ರಂದು ಲೋಕಸಭೆಯಲ್ಲಿ ದಾಖಲೆಗಳ ಸಮೇತ ಆರೋಪಪಟ್ಟಿಯನ್ನೇ ಮುಂದಿಟ್ಟರು. ಸ್ವಪಕ್ಷದ ಸದಸ್ಯನಿಂದಲೇ ಬಂದ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ನೀಡಲಾಗದೆ ಸರ್ಕಾರವು ವಿಚಾರಣೆಗೆ ಒಪ್ಪಿತು. 1958ರ ಜನವರಿಯಲ್ಲಿ ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕಗೊಂಡಿತು.

ಇಲ್ಲಿ ಇತಿಹಾಸದ ಒಂದು ವಿಚಿತ್ರ ತಿರುವನ್ನು ನೆನೆಯಬೇಕು. 1951ರಲ್ಲಿ ಸಂಸದ ಎಚ್.ಜಿ. ಮುದ್ಗಲ್ ಅವರು ಮುಂಬೈಯ ಚಿನಿವಾರ ವರ್ತಕರ ಸಂಘದಿಂದ ಹಣ ಪಡೆದು ಸದನದಲ್ಲಿ ಅದರ ಪರ ಕೆಲಸ ಮಾಡಿದರೆಂಬ ಆರೋಪ ಬಂದಾಗ, ಸದನವು ವಿಚಾರಣೆಗೆ ಸಮಿತಿಯೊಂದನ್ನು ರಚಿಸಿತ್ತು. ಆ ಸಮಿತಿ ಮುದ್ಗಲ್ ಅವರ ನಡತೆ ಸದನದ ಘನತೆಗೆ ಕುಂದು ತರುವಂಥದು ಎಂದು ನಿರ್ಣಯಿಸಿತು. ಸ್ವತಂತ್ರ ಭಾರತದಲ್ಲಿ ಜನಪ್ರತಿನಿಧಿಯ ನೈತಿಕತೆಯನ್ನು ಒರೆಗೆ ಹಚ್ಚಿದ ಮೊದಲ ಪ್ರಮುಖ ಪ್ರಕರಣವದು. ಆ ಸಮಿತಿಯ ಅಧ್ಯಕ್ಷತೆ ವಹಿಸಿದ್ದವರು ಟಿ.ಟಿ. ಕೃಷ್ಣಮಾಚಾರಿ. ಏಳು ವರ್ಷ ಕಳೆಯುವುದರೊಳಗೆ ಅಧ್ಯಕ್ಷನ ಕುರ್ಚಿಯಲ್ಲಿದ್ದವರು ಸಾಕ್ಷಿಯ ಕಟ್ಟೆಗೆ ಬಂದು ನಿಲ್ಲಬೇಕಾಯಿತು.

ಬಾಗಿಲು ತೆರೆದ ವಿಚಾರಣೆ

ಛಾಗ್ಲಾ ಕೈಗೊಂಡ ಮೊದಲ ಮುಖ್ಯ ನಿರ್ಧಾರವೆಂದರೆ ವಿಚಾರಣೆಯನ್ನು ಬಹಿರಂಗವಾಗಿ ನಡೆಸುವುದು. ಪಾಲಿಸಿದಾರರ ಹಣದ ಪ್ರಶ್ನೆಯನ್ನು ಪಾಲಿಸಿದಾರರ ಕಣ್ಣೆದುರಿಗೇ ಪರಿಶೀಲಿಸಬೇಕು ಎಂಬುದು ಅವರ ನಿಲುವು. ಮುಂಬೈಯಲ್ಲಿ ನಡೆದ ಆ ವಿಚಾರಣೆಗೆ ಜನ ಕಿಕ್ಕಿರಿದು ಬಂದರು. ಒಳಗೆ ಸ್ಥಳ ಸಾಲದೆ ಹೊರಗೆ ಧ್ವನಿವರ್ಧಕಗಳನ್ನು ಅಳವಡಿಸಬೇಕಾಯಿತು. ಆಯೋಗಕ್ಕೆ ನೆರವಾಗಿ ಸಾಕ್ಷಿಗಳನ್ನು ಪ್ರಶ್ನಿಸಿದವರು ದೇಶದ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್. ಹಣಕಾಸು ಸಚಿವರು, ಪ್ರಧಾನ ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ರಿಸರ್ವ್ ಬ್ಯಾಂಕ್ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್, ಸ್ಟೇಟ್ ಬ್ಯಾಂಕ್ ಅಧ್ಯಕ್ಷ ಪಿ.ಸಿ. ಭಟ್ಟಾಚಾರ್ಯ, ನಿಗಮದ ಹಿರಿಯ ಅಧಿಕಾರಿಗಳು, ಕೊನೆಗೆ ಸ್ವತಃ ಮುಂಧ್ರಾ ಸಾಕ್ಷ್ಯ ನುಡಿದರು. ಅಧಿಕಾರದ ಶಿಖರದಲ್ಲಿದ್ದವರು ಸಾಮಾನ್ಯ ನಾಗರಿಕರ ಎದುರು ಪ್ರಶ್ನೆಗೆ ಉತ್ತರಿಸುವ ನೋಟ ಈ ದೇಶಕ್ಕೆ ಹೊಸದು.

ಸರ್ಕಾರದ ಕಡೆಯ ಸಮರ್ಥನೆ ಹೀಗಿತ್ತು: ಕೋಲ್ಕತ್ತ ಷೇರುಪೇಟೆ ಕುಸಿಯುತ್ತಿತ್ತು, ಅದನ್ನು ಸ್ಥಿರಗೊಳಿಸಲು ಈ ಖರೀದಿ ನಡೆಯಿತು. ಛಾಗ್ಲಾ ಅದನ್ನು ಒಪ್ಪಲಿಲ್ಲ. ಪೇಟೆಯನ್ನು ಎತ್ತಿ ನಿಲ್ಲಿಸುವುದೇ ಉದ್ದೇಶವಾಗಿದ್ದರೆ ಒಬ್ಬನೇ ವ್ಯಕ್ತಿಯ ಷೇರುಗಳನ್ನು ಮಾತ್ರ ಏಕೆ ಕೊಳ್ಳಬೇಕಾಗಿತ್ತು, ಹೂಡಿಕೆ ಸಮಿತಿಯನ್ನು ಏಕೆ ದೂರವಿಡಬೇಕಾಗಿತ್ತು ಎಂಬ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ದೊರೆಯಲಿಲ್ಲ. ಖರೀದಿಯ ನಿರ್ಧಾರ ಕಾರ್ಯದರ್ಶಿಯದು, ತಾನು ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಸಚಿವರು ವಾದಿಸಿದರು. ಸಚಿವರಿಗೆ ತಿಳಿಸಿಯೇ ಮುಂದುವರಿದೆ ಎಂದು ಕಾರ್ಯದರ್ಶಿ ಹೇಳಿದರು.

ಇಬ್ಬರಲ್ಲಿ ಯಾರು ನಿಜ ಹೇಳುತ್ತಿದ್ದಾರೆ ಎಂಬ ಕುತೂಹಲವೇ ಆಗ ಊರ ಮಾತಾಗಿತ್ತು. ಛಾಗ್ಲಾ ಆ ಪ್ರಶ್ನೆಯನ್ನು ಬದಿಗಿಡಲಿಲ್ಲ, ಆದರೆ ಅದರಲ್ಲಿಯೇ ಸಿಲುಕಲೂ ಇಲ್ಲ. ಕೆಲಸ ಮಾಡಿದವರು ಯಾರು ಎಂಬುದು ಒಂದು ಪ್ರಶ್ನೆ. ಅದಕ್ಕೆ ಸಂಸತ್ತಿನ ಮುಂದೆ ಉತ್ತರ ಹೇಳಬೇಕಾದವರು ಯಾರು ಎಂಬುದು ಮತ್ತೊಂದು. ಎರಡನ್ನೂ ಅವರು ಬೇರ್ಪಡಿಸಿದರು. ಕಾರ್ಯದರ್ಶಿ ಎಸಗಿದ ಕೃತ್ಯಕ್ಕೆ ಸಚಿವನೇ ಸಂವಿಧಾನಾತ್ಮಕ ಹೊಣೆ ಹೊರಬೇಕು. ಅಧಿಕಾರಿಯ ಬೆನ್ನಹಿಂದೆ ಅವನು ಅಡಗಿಕೊಳ್ಳುವಂತಿಲ್ಲ, ಅಧಿಕಾರಿಯ ಕೃತ್ಯ ತನ್ನದಲ್ಲವೆಂದು ಕೈತೊಳೆದುಕೊಳ್ಳುವಂತಿಲ್ಲ ಎಂದು ನಿರ್ಣಯಿಸಿದರು. ಸಚಿವರು ಲಂಚ ಪಡೆದರೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಅಪರಾಧದ ವಿಚಾರಣೆಗೂ ಸಾರ್ವಜನಿಕ ನೈತಿಕತೆಯ ವಿಚಾರಣೆಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ವರದಿ ನಮ್ಮಲ್ಲಿ ಅದಕ್ಕೆ ಮುಂಚೆ ಬಂದಿರಲಿಲ್ಲ.

1958ರ ಫೆಬ್ರುವರಿ 10ರಂದು ವರದಿ ಸಲ್ಲಿಕೆಯಾಯಿತು. ಸ್ವಾಯತ್ತ ನಿಗಮಗಳ ಕೆಲಸದಲ್ಲಿ ಸರ್ಕಾರ ತಲೆಹಾಕಬಾರದು, ನಿರ್ದೇಶನ ನೀಡಲೇಬೇಕಾದರೆ ಅದನ್ನು ಲಿಖಿತವಾಗಿ ನೀಡಬೇಕು. ನಿಗಮದ ಹಣ ಪಾಲಿಸಿದಾರರ ಹಿತಕ್ಕೆ ಮಾತ್ರ ಬಳಕೆಯಾಗಬೇಕು. ಹಣಕಾಸು ಮತ್ತು ವ್ಯವಹಾರದ ಅನುಭವವುಳ್ಳವರು ಅದರ ಮುಖ್ಯಸ್ಥರಾಗಬೇಕು. ಸಚಿವರು ಮೊದಲ ಅವಕಾಶದಲ್ಲಿಯೇ ಸಂಸತ್ತನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ಅದೇ ತಿಂಗಳು ಕೃಷ್ಣಮಾಚಾರಿ ಸಂಪುಟದಿಂದ ಹೊರನಡೆದರು. ಮೌಖಿಕ ಆದೇಶದ ಮೇಲೆ ಕಡತ ಚಲಿಸುವ ಕಚೇರಿಗಳನ್ನು ಕಂಡವರಿಗೆ, ಲಿಖಿತ ನಿರ್ದೇಶನದ ಆ ಶಿಫಾರಸು ಎಷ್ಟು ಮೂಲಭೂತವಾದುದೆಂದು ವಿವರಿಸಬೇಕಾಗಿಲ್ಲ.

ಪೀಠದ ಮಿತಿಗಳು

ವರದಿ ಬಂದ ಏಳು ವಾರಗಳೊಳಗೆ, 1958ರ ಮಾರ್ಚ್ 28ರಂದು, ರಾಮಕೃಷ್ಣ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಯೋಗಗಳ ಸ್ಥಾನಮಾನವನ್ನು ಸ್ಪಷ್ಟಪಡಿಸಿತು. ಆಯೋಗದ ನಿರ್ಣಯಗಳು ಶಿಫಾರಸುಗಳೇ ಹೊರತು ಜಾರಿಯಾಗಬೇಕಾದ ತೀರ್ಪುಗಳಲ್ಲ. ಅದರ ಅಧ್ಯಕ್ಷನಿಗೆ ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲ. ಹಾಗಿದ್ದರೆ ಸಚಿವರು ಅಧಿಕಾರ ಬಿಟ್ಟದ್ದು ಏಕೆ? ವಿಚಾರಣೆ ಜನರ ಮುಂದೆ ನಡೆದಿತ್ತು, ಪ್ರಶ್ನೆ ಇನ್ನೂ ಬಿಸಿಯಾಗಿರುವಾಗಲೇ ಉತ್ತರ ಬಂದಿತ್ತು. ವರದಿಯನ್ನು ಕಪಾಟಿನಲ್ಲಿಡುವ ಅವಕಾಶವೇ ಸರ್ಕಾರಕ್ಕೆ ಉಳಿದಿರಲಿಲ್ಲ. ಬಹಿರಂಗತೆ ಮತ್ತು ವೇಗ, ಇವೆರಡೇ ಇಂಥ ಪೀಠದ ಆಯುಧಗಳು.

ಬಹಿರಂಗ ವಿಚಾರಣೆಗೆ ಇನ್ನೊಂದು ಮುಖವೂ ಉಂಟು. ಸಾಕ್ಷಿಯಾಗಿ ಕರೆಯಲ್ಪಟ್ಟವನು ಆರೋಪಿಯಲ್ಲ. ಆರೋಪಿಗೆ ಕಾನೂನು ನೀಡುವ ರಕ್ಷಣೆಗಳು ಅವನಿಗಿಲ್ಲ. ಆದರೂ ಅವನ ಮಾನ ಜನಸಂದಣಿಯ ಎದುರು ಪಣಕ್ಕೆ ಬೀಳುತ್ತದೆ. ಕಾನೂನು ಆಯೋಗವು 1962ರಲ್ಲಿ ಈ ಕಾಯ್ದೆಯನ್ನು ಪರಿಶೀಲಿಸಿತು. 1971ರ ತಿದ್ದುಪಡಿಯ ಮೂಲಕ, ವಿಚಾರಣೆಯಿಂದ ಹೆಸರಿಗೆ ಧಕ್ಕೆಯಾಗಬಹುದಾದವರಿಗೆ ತಮ್ಮ ವಾದ ಹೇಳಿಕೊಳ್ಳುವ ಹಾಗೂ ಪಾಟೀಸವಾಲು ನಡೆಸುವ ಹಕ್ಕು ದೊರೆಯಿತು. ವರದಿಯನ್ನು ಕೈಗೊಂಡ ಕ್ರಮದ ವಿವರದೊಡನೆ ಆರು ತಿಂಗಳೊಳಗೆ ಶಾಸನಸಭೆಯ ಮುಂದಿಡಬೇಕೆಂಬ ನಿಯಮವೂ ಆಗಲೇ ಸೇರಿತು. ವೇಗದ ಹೆಸರಿನಲ್ಲಿ ನ್ಯಾಯ ಕುಂಟಬಾರದು ಎಂಬ ಈ ಎಚ್ಚರ ಸರಿಯಾದುದೇ. ಆದರೆ ನ್ಯಾಯದ ಹೆಸರಿನಲ್ಲಿ ವಿಳಂಬವನ್ನು ಹಕ್ಕಾಗಿ ಮಾಡಿಕೊಂಡದ್ದು ಆಮೇಲಿನ ಕಥೆ.

ಪೀಠದಿಂದ ಇಳಿದ ಮೇಲೆ

ಛಾಗ್ಲಾ ಅವರ ಜೀವನದಲ್ಲಿ ಅತ್ಯಂತ ಚರ್ಚೆಗೆ ಒಳಗಾದ ಘಟ್ಟ ಇದಾದ ನಂತರ ಬಂದಿತು. ಅದೇ 1958ರಲ್ಲಿ ಅವರು ನ್ಯಾಯಪೀಠವನ್ನು ತೊರೆದು ಅಮೆರಿಕಕ್ಕೆ ಭಾರತದ ರಾಯಭಾರಿಯಾಗಿ ತೆರಳಿದರು. ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಿದ ನ್ಯಾಯಮೂರ್ತಿಗೇ ನೆಹರೂ ಈ ಹುದ್ದೆ ನೀಡಿದ್ದನ್ನು ಔದಾರ್ಯವೆಂದು ಕೆಲವರು ಕಂಡರು. ಆದರೆ ಸೆಟಲ್ವಾಡ್ ಅವರ ನೇತೃತ್ವದ ಕಾನೂನು ಆಯೋಗವು ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ, ನ್ಯಾಯಮೂರ್ತಿಗಳು ಪೀಠ ಬಿಟ್ಟ ಮೇಲೆ ಸರ್ಕಾರಿ ಹುದ್ದೆಗಳನ್ನು ಸ್ವೀಕರಿಸುವ ರೂಢಿಯನ್ನು ಖಂಡಿಸಿತ್ತು. ಆ ಆಯೋಗದ ಸದಸ್ಯರಲ್ಲಿ ಛಾಗ್ಲಾ ಅವರೂ ಒಬ್ಬರು. ಮುಂಧ್ರಾ ವಿಚಾರಣೆಯಲ್ಲಿ ಅವರಿಗೆ ಹೆಗಲೆಣೆಯಾಗಿ ನಿಂತಿದ್ದ ಸೆಟಲ್ವಾಡ್ ತಮ್ಮ ಆತ್ಮಕಥೆಯಲ್ಲಿ ಈ ನಡೆಯನ್ನು ಕಟುವಾಗಿ ಟೀಕಿಸಿದರು.

ಈ ಟೀಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಛಾಗ್ಲಾ ಅವರ ವರದಿಯಲ್ಲಿ ಮುಂದಿನ ಹುದ್ದೆಯ ಆಸೆಯ ನೆರಳು ಕಿಂಚಿತ್ತೂ ಇಲ್ಲ. ಸರ್ಕಾರಕ್ಕೆ ಕಹಿಯಾದುದನ್ನೇ ಅವರು ಬರೆದಿದ್ದರು. ಆದರೂ ಇಂಥ ಪೀಠದಲ್ಲಿ ಕುಳಿತವನಿಗೆ ತನ್ನ ಪ್ರಾಮಾಣಿಕತೆ ತನಗೆ ತಿಳಿದಿದ್ದರೆ ಸಾಲದು. ಮುಂದೆ ಆ ಕುರ್ಚಿಗೆ ಬರುವ ಎಲ್ಲರ ಮೇಲೂ ಜನರ ನಂಬಿಕೆ ಉಳಿಯುವಂತೆ ಅವನು ನಡೆಯಬೇಕು. ಸಚಿವರಿಗೆ ಛಾಗ್ಲಾ ಅನ್ವಯಿಸಿದ್ದೂ ಇದೇ ಅಳತೆಗೋಲು: ನೀನು ತಪ್ಪು ಮಾಡಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯವಲ್ಲ, ನಿನ್ನ ಸ್ಥಾನಕ್ಕೆ ಯಾವುದು ಉಚಿತ ಎಂಬುದೂ ಮುಖ್ಯ. ಆ ಅಳತೆಗೋಲು ಅಳೆದವರನ್ನೂ ಬಿಡುವುದಿಲ್ಲ.

ರಾಜಕೀಯದ ಕ್ರೀಡೆ ಇನ್ನೂ ವಿಸ್ಮಯಕರ. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ಛಾಗ್ಲಾ ಅವರನ್ನು ನೆಹರೂ 1963ರ ನವೆಂಬರ್‌ನಲ್ಲಿ ಶಿಕ್ಷಣ ಸಚಿವರನ್ನಾಗಿ ಮಾಡಿದರು. ಅಷ್ಟರಲ್ಲಿ ಕೃಷ್ಣಮಾಚಾರಿ ಮತ್ತೆ ಹಣಕಾಸು ಸಚಿವರಾಗಿದ್ದರು. ವಿಚಾರಿಸಿದವರೂ ವಿಚಾರಣೆಗೆ ಒಳಗಾದವರೂ ಎರಡು ವರ್ಷ ಒಂದೇ ಸಂಪುಟದಲ್ಲಿ ಕುಳಿತರು. 1965ರ ಕೊನೆಯಲ್ಲಿ, ಬೇರೆ ಆರೋಪಗಳ ಹಿನ್ನೆಲೆಯಲ್ಲಿ, ಕೃಷ್ಣಮಾಚಾರಿ ಎರಡನೆಯ ಸಲ ರಾಜೀನಾಮೆ ನೀಡಿದರು. ಅವರ ಕಾರ್ಯದರ್ಶಿಯಾಗಿದ್ದ ಎಚ್.ಎಂ. ಪಟೇಲ್ 1977ರಲ್ಲಿ ಜನತಾ ಸರ್ಕಾರದ ಹಣಕಾಸು ಸಚಿವರಾದರು. ನೈತಿಕತೆಯ ವಿಚಾರಣೆ ಯಾರ ಸಾರ್ವಜನಿಕ ಜೀವನವನ್ನೂ ಶಾಶ್ವತವಾಗಿ ಮುಗಿಸಬೇಕಾಗಿಲ್ಲ. ಹೊಣೆಯನ್ನು ಹೊತ್ತ ಮೇಲೆ ಮರಳುವ ದಾರಿ ತೆರೆದೇ ಇರುತ್ತದೆ.

ಶಿಕ್ಷಣ ಸಚಿವರಾಗಿ ಛಾಗ್ಲಾ ಅವರ ಕಾಲದಲ್ಲಿ, 1964ರಲ್ಲಿ, ಕೊಠಾರಿ ಆಯೋಗ ರಚನೆಯಾಯಿತು. 1966ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವರಾದ ಅವರು ಮರುವರ್ಷದ ಸೆಪ್ಟೆಂಬರ್‌ನಲ್ಲಿ ಸಂಪುಟ ತೊರೆದರು. ವಿಶ್ವವಿದ್ಯಾಲಯಗಳಲ್ಲಿ ತರಾತುರಿಯಿಂದ ಪ್ರಾದೇಶಿಕ ಭಾಷೆಗಳನ್ನು ಮಾಧ್ಯಮವಾಗಿಸುವ ನೀತಿ ದೇಶದ ಏಕತೆಗೆ ಅಪಾಯಕಾರಿ ಎಂಬುದು ಅವರು ಕೊಟ್ಟ ಕಾರಣ. ಕನ್ನಡ ಮಾಧ್ಯಮದ ಪರ ನಿಂತವರು ಈ ಅಭಿಪ್ರಾಯವನ್ನು ಒಪ್ಪುವುದು ಕಷ್ಟ. ಆದರೆ ಒಪ್ಪದ ನೀತಿಯ ಹೊಣೆಯನ್ನು ಹೊತ್ತು ಸಂಪುಟದಲ್ಲಿ ಮುಂದುವರಿಯಲಾಗದು ಎಂದು ಖಾತೆಯನ್ನು ಬಿಟ್ಟುಕೊಟ್ಟದ್ದು, ತಾವೇ ಒಂಬತ್ತು ವರ್ಷಗಳ ಹಿಂದೆ ವಿಧಿಸಿದ್ದ ನಿಯಮಕ್ಕೆ ಅನುಗುಣವಾಗಿಯೇ ಇತ್ತು.

ಉಳಿದ ಪರಂಪರೆ

ತುರ್ತುಪರಿಸ್ಥಿತಿ ಘೋಷಣೆಯಾದಾಗ ಛಾಗ್ಲಾ ಅವರಿಗೆ ಎಪ್ಪತ್ತೈದರ ಹತ್ತಿರದ ವಯಸ್ಸು. ಹಿರಿಯರೆನಿಸಿಕೊಂಡ ಅನೇಕರು ಮೌನ ವಹಿಸಿದ್ದ ಆ ಸಮಯದಲ್ಲಿ, 1975ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ನಡೆದ ನಾಗರಿಕ ಸ್ವಾತಂತ್ರ್ಯ ಸಮ್ಮೇಳನದಲ್ಲಿ ಅವರು ನಿರ್ಭಯವಾಗಿ ಮಾತನಾಡಿದರು. ಆ ಸಭೆಯಲ್ಲಿ ಅವರೊಡನೆ ಇದ್ದವರಲ್ಲಿ ಒಬ್ಬರು ಜೆ.ಸಿ. ಷಾ, ಮುಂಬೈ ಹೈಕೋರ್ಟಿನಲ್ಲಿ ಛಾಗ್ಲಾ ಅವರ ಸಹೋದ್ಯೋಗಿಯಾಗಿದ್ದು, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. 1977ರಲ್ಲಿ ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆಗೆ ನೇಮಕಗೊಂಡ ಆಯೋಗದ ಅಧ್ಯಕ್ಷತೆ ಷಾ ಅವರ ಪಾಲಿಗೆ ಬಂದಿತು. ಅವರೂ ವಿಚಾರಣೆಯನ್ನು ಬಹಿರಂಗವಾಗಿಯೇ ನಡೆಸಿದರು. 1978ರ ಆಗಸ್ಟ್‌ನಲ್ಲಿ ಕೊನೆಯ ವರದಿ ಒಪ್ಪಿಸಿದರು. ಆದರೆ ಮಾಜಿ ಪ್ರಧಾನಿ ಇಂದಿರಾ ಗಾಂಧಿ ಅಲ್ಲಿ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ಒಪ್ಪಲಿಲ್ಲ. 1958ರಲ್ಲಿ ಅಧಿಕಾರಸ್ಥರು ಪೀಠದ ಮುಂದೆ ಬಂದು ನಿಲ್ಲುವ ಮರ್ಯಾದೆ ಉಳಿದಿತ್ತು. ಇಪ್ಪತ್ತು ವರ್ಷಗಳಲ್ಲಿ ಅದು ಸಡಿಲಗೊಂಡಿತ್ತು.

ಕರ್ನಾಟಕವೂ ಅದೇ 1977ರಲ್ಲಿ ಇಂಥ ಪ್ರಶ್ನೆಗೆ ಮುಖಾಮುಖಿಯಾಯಿತು. ಮುಖ್ಯಮಂತ್ರಿ ದೇವರಾಜ ಅರಸು ಅವರ ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ಅದನ್ನು ಪ್ರಶ್ನಿಸಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಂಥ ಆಯೋಗ ನೇಮಿಸುವ ಅಧಿಕಾರ ಕೇಂದ್ರಕ್ಕಿದೆ ಎಂದು ತೀರ್ಪು ಬಂದಿತು. ಅಧಿಕಾರ ಯಾರದೆಂಬುದು ಅಲ್ಲಿಗೆ ಇತ್ಯರ್ಥವಾಯಿತು. ನೇಮಿಸಿದವರ ಉದ್ದೇಶ ಶುದ್ಧವೇ ಎಂಬ ಸಂಶಯವನ್ನು ಮಾತ್ರ ಯಾವ ತೀರ್ಪೂ ನಿವಾರಿಸಲಾರದು. ಅದನ್ನು ನಿವಾರಿಸಬೇಕಾದದ್ದು ಪೀಠದಲ್ಲಿ ಕುಳಿತವರ ನಡೆಯೇ.

ಛಾಗ್ಲಾ 1981ರ ಫೆಬ್ರುವರಿ 9ರಂದು ಮುಂಬೈಯಲ್ಲಿ ನಿಧನರಾದರು. ಮುಂಧ್ರಾ ವರದಿ ಸಲ್ಲಿಸಿ ಇಪ್ಪತ್ತಮೂರು ವರ್ಷ ತುಂಬಲು ಒಂದೇ ದಿನ ಬಾಕಿ ಇತ್ತು. ಅವರಿಗೆ ವಿಶೇಷ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ. ಇಂದಿನ ಆಯೋಗಗಳ ಅಧ್ಯಕ್ಷರಿಗಿರುವುದಕ್ಕಿಂತ ಹೆಚ್ಚಿನ ಕಾನೂನು ಬಲ ಅವರ ಬಳಿ ಇರಲಿಲ್ಲ. ಬಾಗಿಲು ತೆರೆದಿಟ್ಟರು, ಅನಾವಶ್ಯಕ ಪ್ರಶ್ನೆಗಳನ್ನು ದೂರವಿಟ್ಟರು, ಹೊಣೆ ಯಾರದೆಂದು ಹೆಸರಿಸಿ ಹೇಳಿದರು, ಹೇಳಿ ಎದ್ದುಹೋದರು. ಆಯೋಗಗಳಿಗೆ ಹಲ್ಲಿಲ್ಲವೆಂದು ದೂರುವ ಮೊದಲು, ಅವುಗಳನ್ನು ನೇಮಿಸುವ ಸರ್ಕಾರಗಳೂ ಅವುಗಳಲ್ಲಿ ಕೂರುವ ಮಹನೀಯರೂ ಆ 24 ದಿನಗಳ ಕಡತವನ್ನು ಒಮ್ಮೆ ತೆರೆದು ನೋಡುವುದು ಒಳಿತು.